ಡಿಸೆಂಬರ್ ಮುಗಿಯೋದ್ರಾಗ ಕಂಪನಿ ಇನ್ಶೂರೆನ್ಸ್ ಏನೇನು ಬಳಸ್ಕೋಬಹುದು? ಅವ್ವನ ಕಣ್ಣಿನ ಪೊರಿ ಈಗ್ಲೇ ತಗಸ್ಲ್ಯಾ, ಜಾತ್ರಿ ಆದಮ್ಯಾಲ ತಗಸ್ಲ್ಯಾ?

ಕನಕಗಿರಿ ಹುಡುಗ:

ಎಲ್ಲಾರಿಗೂ ಶರಣ್ರಿ. ನಾನು ತೋರಣಗಲ್ಲಿನ್ಯಾಗ ಒಂದು ಕಾಂಟ್ರ್ಯಾಕ್ಟ್ ಕಂಪನ್ಯಾಗ ಶಿಫ್ಟ್ ಡ್ಯೂಟಿ ಮಾಡ್ತೀನಿ, ಮನಿ ಕನಕಗಿರಿ ಹತ್ರ ಹಳ್ಳಿ. ಕಂಪನಿಯವ್ರು ಗ್ರೂಪ್ ಮೆಡಿಕ್ಲೇಮ್ ಮಾಡ್ಸ್ಯಾರ, ಮೂರು ಲಕ್ಷದ್ದು, ಅದ್ರಾಗ ನಾನು, ಮನಿಯಾಕಿ, ಎರಡು ಮಕ್ಳು, ಅವ್ವ ಅಪ್ಪ ಎಲ್ಲಾರೂ ಅದೀವಿ. ಇದ್ರ ಜೋಡಿ ನಾನ ಸ್ವಂತ ಐದು ಲಕ್ಷದ್ದೊಂದು ಫ್ಯಾಮಿಲಿ ಫ್ಲೋಟರ್ (ಕುಟುಂಬಕ್ಕೆಲ್ಲ ಕೂಡಿ ಒಂದ ಮೊತ್ತದ ಪಾಲಿಸಿ) ತಗೊಂಡೀನಿ, ಅದ್ರಾಗ ಅವ್ವ ಅಪ್ಪ ಇಲ್ಲ, ಅದು ಮಾರ್ಚ್‌ನ್ಯಾಗ ರಿನೀವಲ್, ಬರೋ ಮಾರ್ಚಿಗೆ ಎರಡು ವರ್ಷ ತುಂಬತೈತಿ.

ಈಗ ಎಚ್‌ಆರ್ ಕಡಿಂದ ಮೇಲ್ ಬಂದೈತಿ, ಡಿಸೆಂಬರ್ 31ಕ್ಕ ಗ್ರೂಪ್ ಪಾಲಿಸಿ ವರ್ಷ ಮುಗೀತೈತಿ, ಹೆಲ್ತ್ ಚೆಕಪ್ ಕೂಪನ್ನು ಮತ್ತ ಓಪಿಡಿ (ಅಡ್ಮಿಟ್ ಆಗ್ದ ತೋರಿಸ್ಕೊಳ್ಳೋ ಖರ್ಚು) ಅಂತ ಇಟ್ಟಿರೋ ಐದು ಸಾವಿರ ಅಷ್ಟ್ರಾಗ ಬಳಸ್ಲಿಲ್ಲಂದ್ರ ಹೋದಂಗ, ಮುಂದಿನ ವರ್ಷಕ್ಕ ಸೇರಂಗಿಲ್ಲ ಅಂತ. ವರ್ಷಾನುಗಟ್ಲೆ ಪಗಾರದಾಗ ಅವ್ವ ಅಪ್ಪನ ಹೆಸರಿನ್ಯಾಗ ಕಟ್ ಆಗಾಕತ್ತೈತಿ, ಇಲ್ಲಿತನ ಒಂದು ರೂಪಾಯಿ ಕ್ಲೇಮ್ ಮಾಡಿಲ್ಲ, ಈ ಸಲ ಆದ್ರೂ ಸರ್ಯಾಗಿ ಬಳಸ್ಕೋಬೇಕು ಅಂತ ಮನಸ್ಸು.

ಅವ್ವಗ 64 ವರ್ಷ, ಸಕ್ರಿ ಕಾಯಿಲೆ ಐತಿ, ಗುಳಿಗಿ ಮ್ಯಾಲ ಅದಾಳ. ಗಂಗಾವತ್ಯಾಗ ಕಣ್ಣಿನ ಡಾಕ್ಟ್ರು ನೋಡಿ ಎರಡೂ ಕಣ್ಣಿಗೆ ಪೊರಿ ಬಂದೈತಿ, ಬಲಗಣ್ಣಿಗೆ ಜಾಸ್ತಿ, ಅವಸರ ಏನಿಲ್ಲ ಆದ್ರ ತಗಸ್ಬೇಕು ಅಂದ್ರು. ಅವ್ವ ಏನಂತಾಳಂದ್ರ ಎಳ್ಳಮಾಸಿ ಚರಗ ಚೆಲ್ಲೋದಾಗ್ಲಿ, ಕೊಪ್ಪಳದ ಗವಿಮಠದ ಜಾತ್ರಿ ಆಗ್ಲಿ, ಆಮ್ಯಾಲ ನೋಡೋಣಂತ. ಇನ್ನ ಮನಿಯಾಕಿಗೆ ಬ್ಯಾರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಾಗ ಸಣ್ಣ ಕಲ್ಲು ಐತಿ ಅಂತ ಬಂತು, ನೋವು ಗೀವು ಏನೂ ಇಲ್ಲ. ನಮ್ಮ ಜೋಡಿ ಕೆಲಸ ಮಾಡೋರೆಲ್ಲ ಹೆಂಗೂ ಪಾಲಿಸಿ ಐತಲ್ಲ, ವರ್ಷ ಮುಗಿಯೋದ್ರಾಗ ಎರಡೂ ಮುಗಿಸ್ಬಿಡು ಅಂತಾರ. ತಿಳಿದೋರು ಹೇಳ್ರಿ, ಯಾವುದು ಈಗ ಮಾಡ್ಬೇಕು, ಯಾವುದಕ್ಕ ಟೈಮ್ ಐತಿ?

ಡೆಸ್ಕಿನವನು, ಬಳ್ಳಾರಿ:

ಅಣ್ಣ ನಾನು ಬಳ್ಳಾರಿಯಾಗೆ ಒಂದು ಪ್ರೈವೇಟ್ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನಲ್ಲಿ ಕೂತ್ಕೊಳ್ಳೋನು, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ ಬೇಜಾರಾಗಬೇಡ್ರಿ.

ಮೊದಲು ಒಂದು ತಲೆಗೆ ಹಾಕ್ಕಳ್ರಿ, ನಿಮಗೆ ಇರೋದು ಒಂದು ವರ್ಷಾಂತ್ಯ ಅಲ್ಲ, ಮೂರು. ಗ್ರೂಪ್ ಪಾಲಿಸಿದು ಡಿಸೆಂಬರ್ 31. ನಿಮ್ಮ ಸ್ವಂತದ್ದು ಮಾರ್ಚ್‌ನಲ್ಲಿ ಯಾವ ತಾರೀಖು ಐತೋ ಅದು. ಇನ್ಕಮ್ ಟ್ಯಾಕ್ಸ್‌ದು ಮಾರ್ಚ್ 31. ಡಿಸೆಂಬರ್ ಬಂತು ಅಂತ ಎಲ್ರೂ ಒಂದೇ ಸಲ ಓಡಿ ಬರ್ತಾರೆ, ನಮ್ಮ ಕೌಂಟರ್ ಮುಂದೆ ನಿಂತವರ ಕಾರ್ಡ್ ತೆಗೆದು ನೋಡಿದ್ರೆ ಅರ್ಧ ಜನದ ಪಾಲಿಸಿ ಆಗಸ್ಟ್‌ಗೋ ಜೂನ್‌ಗೋ ಇರ್ತದೆ. ನಿಮ್ಮದು ನಿಜವಾಗ್ಲೂ ಡಿಸೆಂಬರ್, ಹಂಗಾಗಿ ನೀವು ಕೇಳಿದ್ದು ಸರಿ ಐತೆ.

ಅವ್ವನ ಕಣ್ಣಿನ ವಿಷಯಕ್ಕೆ ಬರೋಣ. ಮೂರು ಲಕ್ಷ ಈ ವರ್ಷ ಬಳಸಲಿಲ್ಲ ಅಂದ್ರೆ ವೇಸ್ಟ್ ಅನ್ನೋದು ಬಿಟ್ಬಿಡ್ರಿ, ಜನವರಿ 1ಕ್ಕೆ ಮತ್ತೆ ಹೊಸದಾಗಿ ಮೂರು ಲಕ್ಷ ಬರ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ಜನವರಿಯಿಂದ ಹೊಸ ಪಾಲಿಸಿಯ ಕಂಡೀಷನ್ ಏನು ಅಂತ ಎಚ್‌ಆರ್ ಹತ್ರ ಕೇಳ್ರಿ. ಗ್ರೂಪ್ ಪಾಲಿಸಿ ರಿನೀವಲ್ ಟೈಮಲ್ಲಿ ಕಂಪನಿಯವರು ಪ್ರೀಮಿಯಂ ಜಾಸ್ತಿ ಆಯ್ತು ಅಂತ ಮೊದಲು ಕೈ ಹಾಕೋದೇ ತಂದೆ ತಾಯಿ ಕವರ್ ಮೇಲೆ. ಒಂದೋ ಅವರನ್ನು ಪೂರ್ತಿ ತೆಗೀತಾರೆ, ಇಲ್ಲ ಅವರ ಬಿಲ್ಲಿಗೆ ಕೋ-ಪೇ (ಬಿಲ್ಲಿನ ಒಂದು ಪಾಲು ನೀವೇ ಕಟ್ಟೋದು) ಹಾಕ್ತಾರೆ, ಇಲ್ಲ ಕಣ್ಣಿನ ಆಪರೇಷನ್‌ಗೆ ಒಂದು ಕಣ್ಣಿಗೆ ಇಷ್ಟೇ ಅಂತ ಲಿಮಿಟ್ ಇಳಿಸ್ತಾರೆ. ಹಂಗೇನಾದ್ರೂ ಬದಲಾಗೋದಿದ್ರೆ ಡಿಸೆಂಬರ್‌ನಲ್ಲೇ ಮಾಡಿಸ್ರಿ. ಏನೂ ಬದಲಾಗಲ್ಲ ಅಂದ್ರೆ ಅವ್ವ ಹೇಳಿದಂಗೆ ಜಾತ್ರೆ ಆದಮೇಲೇ ಮಾಡಿಸ್ರಿ, ಏನೂ ನಷ್ಟ ಇಲ್ಲ.

ಈಗಿನ ಪಾಲಿಸಿಯಾಗೂ ಒಂದು ಕಣ್ಣಿಗೆ ಎಷ್ಟು ಲಿಮಿಟ್ ಅಂತ ನೋಡ್ಕಳ್ರಿ. ಮಾಮೂಲಿ ಮೊನೋಫೋಕಲ್ (ಒಂದೇ ದೂರಕ್ಕೆ ಸರಿ ಕಾಣೋ) ಲೆನ್ಸ್ ಆದ್ರೆ ಸಾಮಾನ್ಯವಾಗಿ ಲಿಮಿಟ್ ಒಳಗೆ ಮುಗೀತದೆ, ಮಲ್ಟಿಫೋಕಲ್ (ದೂರ ಹತ್ತಿರ ಎರಡಕ್ಕೂ ಆಗೋದು) ಹಾಕಿಸ್ತೀವಿ ಅಂದ್ರೆ ಮೇಲಿನ ದುಡ್ಡು ನಿಮ್ಮ ಜೇಬಿಂದ. ಇದು ಡೇ ಕೇರ್, ಬೆಳಗ್ಗೆ ಬಂದು ಸಂಜೆ ಮನೆಗೆ, 24 ಗಂಟೆ ಅಡ್ಮಿಟ್ ಆಗಿರಬೇಕು ಅನ್ನೋ ರೂಲ್ ಇದಕ್ಕೆ ಬರಲ್ಲ.

ಎರಡೂ ಕಣ್ಣು ಒಂದೇ ದಿನ ಮಾಡೋದು ಕಡಿಮೆ, ನಡುವೆ ಕೆಲವು ವಾರ ಬಿಡ್ತಾರೆ. ಬಲಗಣ್ಣು ಡಿಸೆಂಬರ್, ಎಡಗಣ್ಣು ಜನವರಿ ಅಂದ್ರೆ ಎರಡು ಬೇರೆ ಬೇರೆ ಪಾಲಿಸಿ ವರ್ಷಕ್ಕೆ ಬೀಳ್ತದೆ, ಯಾಕಂದ್ರೆ ಕ್ಲೇಮ್ ಯಾವ ವರ್ಷದ್ದು ಅನ್ನೋದು ಸಾಮಾನ್ಯವಾಗಿ ಅಡ್ಮಿಟ್ ಆದ ತಾರೀಖಿನ ಮೇಲೆ ಹೋಗ್ತದೆ. ಒಂದು ವರ್ಷದ ಲಿಮಿಟ್‌ನಲ್ಲಿ ಬೇರೆ ಯಾರಿಗಾದ್ರೂ ದೊಡ್ಡ ಖರ್ಚು ಬಂದ್ರೂ ಜಾಗ ಉಳೀತದೆ.

ಈಗ ನಮ್ಮ ಕೌಂಟರ್‌ನಲ್ಲಿ ದಿನಾ ನಡೆಯೋ ಜಗಳ ಒಂದು ಹೇಳ್ತೀನಿ. ಹೆಸರು. ಆಧಾರ್‌ನಲ್ಲಿ ಹನುಮವ್ವ, ಕಂಪನಿ ಲಿಸ್ಟ್‌ನಲ್ಲಿ ಹನುಮಂತಮ್ಮ, ವಯಸ್ಸು ಒಂದರಲ್ಲಿ 64 ಇನ್ನೊಂದರಲ್ಲಿ 59. ನಮ್ಮ ಕಡೆ ಹಿರೇರಿಗೆ ಹುಟ್ಟಿದ ತಾರೀಖು ಯಾರು ಬರೆದಿಟ್ಟಿರ್ತಾರೆ ಹೇಳ್ರಿ, ಎಲ್ರದ್ದೂ ಜನವರಿ ಒಂದು! ಕಂಪ್ಯೂಟರ್ ಆ ಕಡೆ ಕೂತಿರೋನಿಗೆ ಅದೆಲ್ಲ ಗೊತ್ತಿಲ್ಲ, ಕ್ವೈರಿ ಹಾಕಿ ಕೂತ್ಬಿಡ್ತಾನೆ, ಪೇಷಂಟು ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಬೆಂಚ್ ಮೇಲೆ ಕಾಯ್ತಿರ್ತಾರೆ. ಇವತ್ತೇ ಅವ್ವನ ಆಧಾರ್ ಮತ್ತು ಇ-ಕಾರ್ಡ್ ಪಕ್ಕಪಕ್ಕ ಇಟ್ಟು ನೋಡ್ರಿ, ವ್ಯತ್ಯಾಸ ಇದ್ರೆ ಎಚ್‌ಆರ್‌ಗೆ ಮೇಲ್ ಹಾಕಿ ತಿದ್ದಿಸ್ರಿ.

ಆಮೇಲೆ ಶುಗರ್. ಜಾಸ್ತಿ ಇದ್ರೆ ಡಾಕ್ಟ್ರು ಆಪರೇಷನ್ ಮುಂದಕ್ಕೆ ಹಾಕ್ತಾರೆ, ಅದಕ್ಕೆ ರಕ್ತ ಪರೀಕ್ಷೆ ಮೊದಲೇ ಮಾಡಿಸ್ಬಿಡ್ರಿ. ಸಾಮಾನ್ಯವಾಗಿ ಆಪರೇಷನ್‌ಗೆ 30 ದಿನ ಮುಂಚಿನ, ಅದಕ್ಕೇ ಸಂಬಂಧಪಟ್ಟ ಟೆಸ್ಟ್ ಬಿಲ್ಲುಗಳು ಕ್ಲೇಮ್‌ಗೆ ಬರ್ತವೆ, ಕೆಲವು ಪಾಲಿಸಿಯಾಗೆ 60 ದಿನ. ಕಣ್ಣಿನ ಅಳತೆ ತೆಗೆಯೋ ಸ್ಕ್ಯಾನ್ ಬಿಲ್ ಇರ್ತದಲ್ಲ, ಜನ ಅದನ್ನ ಕಾರ್ ಡ್ಯಾಶ್‌ಬೋರ್ಡ್‌ನಲ್ಲಿ ಬಿಟ್ಟು ಬರ್ತಾರೆ.

ಕ್ಯಾಶ್‌ಲೆಸ್‌ಗೆ, ಅಂದ್ರೆ ಇನ್ಶೂರೆನ್ಸ್‌ನವರೇ ನೇರ ಆಸ್ಪತ್ರೆಗೆ ಬಿಲ್ ಕಟ್ಟೋದಕ್ಕೆ, ಎರಡು ಮೂರು ದಿನ ಮುಂಚೆ ಪ್ರೀ-ಆಥ್ (ಮುಂಗಡ ಒಪ್ಪಿಗೆ ಅರ್ಜಿ) ಕಳಿಸಬೇಕು. ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ರೂಲ್ ಮಾಡೈತೆ, ಕ್ಯಾಶ್‌ಲೆಸ್ ರಿಕ್ವೆಸ್ಟ್‌ಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್ ಅಪ್ರೂವಲ್ ಮೂರು ಗಂಟೆಯೊಳಗೆ ಅಂತ. ಪೇಪರ್ ಸರಿ ಇದ್ದವರಿಗೆ ಬೇಗ ಆಗ್ತದೆ, ಕ್ವೈರಿ ಬಿದ್ರೆ ಮಾತ್ರ ಆ ಗಂಟೆ ಲೆಕ್ಕ ಮತ್ತೆ ಮೊದಲಿಂದ.

ಬಿಸಿಲನಾಡು:

ದುಡ್ಡು ಕಟ್ಟೀವಿ ಅಂತ ಹೊಟ್ಟಿ ಕೊಯ್ಸಿಕೊಳ್ಳೋ ಮಂದಿನ್ನ ಇಲ್ಲೇ ನೋಡಿದ್ದು ನಾನು 😀 ನಿಮ್ಮ ಜೋಡಿ ಕೆಲಸ ಮಾಡೋರಿಗೆ ಹೇಳ್ರಿ, ಗಾಡಿ ಇನ್ಶೂರೆನ್ಸ್ ಮುಗೀತೈತಿ ಅಂತ ಹೋಗಿ ಕಂಬಕ್ಕ ಗುದ್ದ್ತಾರೇನು?

ಅವ್ವನ ಕಣ್ಣು ಮಾಡಿಸ್ರಿ, ಅದು ಬೇಕಾದ ಕೆಲಸ. ಮನಿಯವ್ರ ಕಲ್ಲಿನ ತಂಟೆಗೆ ಹೋಗ್ಬ್ಯಾಡ್ರಿ.

ಸ್ಟಾಫ್ ನರ್ಸ್ ಅಕ್ಕ, ಕೊಪ್ಪಳ:

ತಮ್ಮಾ, ಮ್ಯಾಲಿನವ್ರು ನಗಚಾಟಕ್ಕ ಹೇಳಿದ್ರೂ ಮಾತು ಖರೆ ಐತಿ. ಪಿತ್ತಕೋಶದಾಗ ಕಲ್ಲಿದ್ದು ನೋವು, ವಾಂತಿ, ಜ್ವರ, ಕಾಮಾಲಿ ಏನೂ ಇಲ್ಲಂದ್ರ ಸಾಮಾನ್ಯವಾಗಿ ಡಾಕ್ಟ್ರು ಸುಮ್ನ ನೋಡ್ಕೋತ ಇರ್ರಿ ಅಂತಾರ. ಕೆಲವರಿಗೆ ಮಾತ್ರ, ಕಲ್ಲು ಬಾಳ ದೊಡ್ಡದಿದ್ರ ಅಥವಾ ಬ್ಯಾರೆ ಕಾರಣ ಇದ್ರ, ನೋವಿಲ್ಲದಿದ್ರೂ ತಗೀಬೇಕಾಗ್ತೈತಿ. ಅದನ್ನ ಹೇಳ್ಬೇಕಾದವ್ರು ಸರ್ಜನ್ನು, ಎಚ್‌ಆರ್ ಮೇಲ್ ಅಲ್ಲ. ಒಬ್ಬ ಸರ್ಜನ್ ಹತ್ರ ಆ ಸ್ಕ್ಯಾನ್ ರಿಪೋರ್ಟ್ ತೋರಿಸ್ರಿ, ಆ ಫೀಸು ನಿಮ್ಮ ಓಪಿಡಿ ದುಡ್ಡಿನ್ಯಾಗ ಬರ್ತೈತಿ ನೋಡ್ರಿ, ಅದಕ್ಕ ಬಳಸ್ರಿ.

ಚೆಕಪ್ ಕೂಪನ್ ಬಗ್ಗೆ ಯಾರೂ ಬರೀಲಿಲ್ಲ. ಅದನ್ನ ಮಾತ್ರ ಬಿಡಬ್ಯಾಡ್ರಿ. ಡಿಸೆಂಬರ್ ಹದಿನೈದು ದಾಟಿತಂದ್ರ ಲ್ಯಾಬಿನ್ಯಾಗ ಸ್ಲಾಟ್ ಸಿಗಂಗಿಲ್ಲ, ಈ ಕಡಿ ಊರಾಗ ಕೂಪನ್ ನಡಿಯೋ ಲ್ಯಾಬ್ ಇರೋದ ಒಂದೋ ಎರಡೋ. ಹಿಂದಿನ ರಾತ್ರಿ ಲಗೂ ಊಟ ಮಾಡಿ ಮಲಗಿ ಬೆಳಗ್ಗೆ ಚಾ ಸುದ್ದಾ ಕುಡೀದಂಗ ಬರ್ಬೇಕು. ನಮ್ಮ ಮಂದಿ ಏನ್ ಮಾಡ್ತಾರಂದ್ರ ಬಸ್ ಸ್ಟ್ಯಾಂಡಿನ್ಯಾಗ ಇಳಿದು ಒಗ್ಗರಣಿ ಮಿರ್ಚಿ ತಿಂದು ಬಂದು ಫಾಸ್ಟಿಂಗ್ ಅಂತ ಕೈ ಚಾಚ್ತಾರ, ಸಕ್ರಿ ಇಲ್ಲದವಗೂ ಸಕ್ರಿ ಬರ್ತೈತಿ ಆವಾಗ!

ಎಪ್ಪತ್ತು ಟೆಸ್ಟು ಎಂಬತ್ತು ಟೆಸ್ಟು ಅಂತ ದೊಡ್ಡ ಲಿಸ್ಟ್ ನೋಡಿ ಖುಷಿ ಆಗ್ಬ್ಯಾಡ್ರಿ. ನಿಮ್ಮಂಥ ಶಿಫ್ಟ್ ಡ್ಯೂಟಿ ಮಾಡೋರಿಗೆ ಬಿಪಿ, ಮೂರು ತಿಂಗಳ ಸಕ್ರಿ ತೋರಿಸೋ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕಿಡ್ನಿ ಹೆಂಗೈತಿ ಅಂತ ತೋರಿಸೋ ಕ್ರಿಯೇಟಿನಿನ್ ಇಷ್ಟು ಇದ್ರ ಮುಖ್ಯವಾದದ್ದು ಬಂದಂಗ. ಅವ್ವಗ ಸಕ್ರಿ ಐತಲ್ಲ, ಅವ್ರಿಗೆ ಮೂತ್ರದಾಗ ಪ್ರೋಟೀನ್ ಪರೀಕ್ಷೆ ಮತ್ತ ಕಣ್ಣಿನ ರೆಟಿನಾ ನೋಡಿಸ್ರಿ. ಪೊರಿ ತಗದಮ್ಯಾಲೂ ಕಣ್ಣು ಮಂಜು ಅಂದ್ರ ಒಮ್ಮೊಮ್ಮೆ ಸಕ್ರಿಯಿಂದ ರೆಟಿನಾ ಹಾಳಾಗಿರ್ತೈತಿ, ಆಪರೇಷನ್ ಸರಿ ಮಾಡಿಲ್ಲ ಅಂತ ಡಾಕ್ಟ್ರನ್ನ ಬೈತಾರ. ಮನಿಯವ್ರಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ, ಅಂದ್ರ ಪ್ಯಾಪ್ ಸ್ಮಿಯರ್, ಕೂಪನ್ನಿನ್ಯಾಗ ಐತೇನು ಕೇಳ್ರಿ. ಹೆಣ್ಮಕ್ಳ ಕೂಪನ್ ಬಳಸೋದ ಕಡಿಮಿ, ಗಂಡಸ್ರು ತಮ್ಮದಷ್ಟ ಮಾಡಿಸಿ ಬರ್ತಾರ.

ಕೆಲವರು ಹೆದರ್ತಾರ, ಚೆಕಪ್‌ನ್ಯಾಗ ಏನರ ಬಂದ್ರ ಇನ್ಶೂರೆನ್ಸ್ ಕಟ್ ಮಾಡ್ತಾರೇನಂತ. ಪಾಲಿಸಿ ತಗೊಂಡ ಮ್ಯಾಲ ಹೊಸದಾಗಿ ಗೊತ್ತಾದ ಕಾಯಿಲೆ ಮೊದಲಿಂದ ಇದ್ದ ಕಾಯಿಲೆ ಲೆಕ್ಕಕ್ಕ ಬರಂಗಿಲ್ಲ, ಆ ಪಾಲಿಸಿ ಮುಂದುವರಿಸ್ಕೋತ ಹೋದ್ರ ಅದಕ್ಕ ಏನೂ ಆಗಂಗಿಲ್ಲ. ಆದ್ರ ನೀವು ಬ್ಯಾರೆ ಕಂಪನಿಗೆ ಪೋರ್ಟ್ ಮಾಡೋ ಮುಂದ ಅಥವಾ ಮೊತ್ತ ಜಾಸ್ತಿ ಮಾಡಿಸೋ ಮುಂದ ಫಾರ್ಮಿನ್ಯಾಗ ಕೇಳ್ತಾರ, ಅಲ್ಲಿ ಮುಚ್ಚಿಡಬ್ಯಾಡ್ರಿ. ಮುಚ್ಚಿಟ್ಟಿದ್ದು ಕ್ಲೇಮ್ ದಿನ ಹೊರಗ ಬರ್ತೈತಿ, ಡಾಕ್ಟ್ರು ಕೇಸ್ ಶೀಟಿನ್ಯಾಗ ಎಷ್ಟು ವರ್ಷದಿಂದ ಸಕ್ರಿ ಅಂತ ಬರದ ಬರೀತಾರ.

ಲೆಕ್ಕದ ಮಾಸ್ತರ, ರಾಯಚೂರು:

ಟ್ಯಾಕ್ಸಿನ ಮಾತು ಯಾರೋ ಎತ್ತಿದ್ರಲ್ಲ, ಅದನ್ನ ನಾ ಹೇಳ್ತೀನಿ. ನಿಮ್ಮ ಪಗಾರ ವರ್ಷಕ್ಕ 12 ಲಕ್ಷದ ಒಳಗ ಇದ್ದು ಹೊಸ ಪದ್ಧತಿಯಾಗ ಇದ್ರ ಇದನ್ನ ಓದೋದ ಬ್ಯಾಡ, 2025-26ರ ಲೆಕ್ಕದಾಗ ನಿಮಗ ಪಗಾರದ ಮ್ಯಾಲ ಟ್ಯಾಕ್ಸ ಇಲ್ಲ, ಮತ್ತ ಹೊಸ ಪದ್ಧತಿಯಾಗ 80ಡಿ (ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂಗೆ ಸಿಗೋ ಟ್ಯಾಕ್ಸ್ ವಿನಾಯ್ತಿ) ಸಿಗೋದೂ ಇಲ್ಲ. ಅರ್ಧ ಮಂದಿ ಮಾರ್ಚ್ ಬಂತಂದ್ರ ಏಜೆಂಟ್ ಮಾತು ಕೇಳಿ ಟ್ಯಾಕ್ಸ್ ಉಳಿಸಾಕ ಅಂತ ಪಾಲಿಸಿ ತಗೋತಾರ, ಅವರು ಯಾವ ಪದ್ಧತಿಯಾಗ ಅದಾರ ಅನ್ನೋದ ಅವರಿಗೆ ಗೊತ್ತಿರಂಗಿಲ್ಲ.

ಹಳೇ ಪದ್ಧತಿಯಾಗ ಇದ್ರ ಕೇಳ್ರಿ. ನಿಮ್ಮ, ಹೆಂಡ್ತಿ, ಮಕ್ಕಳ ಪ್ರೀಮಿಯಂಗೆ 25,000 ತನ. ತಂದಿ ತಾಯಿಗೆ ಬ್ಯಾರೆ 25,000, ಅವರಿಗೆ 60 ದಾಟಿದ್ರ 50,000. ನಿಮ್ಮವ್ವಗ 64 ಅಂದ್ರಿ, ಅಂದಮ್ಯಾಲ 50,000 ಲೆಕ್ಕ. ಕಂಪನಿ ಕಟ್ಟೋ ಪ್ರೀಮಿಯಂ ತೋರ್ಸೋ ಹಂಗಿಲ್ಲ, ಆದ್ರ ನಿಮ್ಮ ಪಗಾರದಾಗ ಅವ್ವ ಅಪ್ಪನ ಹೆಸರಿಗೆ ಕಟ್ ಆಗ್ತದ ಅಂದ್ರಲ್ಲ, ಅದು ನಿಮ್ಮ ದುಡ್ಡು, ಅದನ್ನ ತೋರಿಸ್ಬಹುದು. ಎಚ್‌ಆರ್ ಕಡಿಂದ ಸರ್ಟಿಫಿಕೇಟ್ ಬರಿಸ್ಕೋರಿ. ಕೈಯಿಂದ ರೊಕ್ಕ ಕೊಟ್ಟು ಮಾಡ್ಸಿದ ಚೆಕಪ್ ಬಿಲ್ 5,000 ತನ ಇದೇ ಮಿತಿ ಒಳಗ ಬರ್ತದ. ಚೆಕಪ್ಪಿಗೆ ಮಾತ್ರ ನಗದು ನಡೀತದ, ಪ್ರೀಮಿಯಂ ನಗದು ಕಟ್ಟಿದ್ರ ಸಿಗಂಗಿಲ್ಲ.

ಇನ್ನೊಂದು ಯಾರಿಗೂ ಗೊತ್ತಿರದ್ದು. 60 ದಾಟಿದ ತಂದಿ ತಾಯಿಗೆ ಯಾವ ಪಾಲಿಸಿನೂ ಇಲ್ಲ ಅಂದ್ರ, ಅವರ ದವಾಖಾನಿ ಖರ್ಚು, ಔಷಧಿ ಬಿಲ್ಲು ಸುದ್ದಾ ಅದ 50,000 ಒಳಗ ತೋರಿಸ್ಬಹುದು. ಆದ್ರ ಫೋನ್‌ಪೇ, ಕಾರ್ಡ್, ಚೆಕ್ ಹಿಂಗ ಕೊಟ್ಟಿರಬೇಕು, ನೋಟು ಎಣಿಸಿ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ದೇವದುರ್ಗ, ಲಿಂಗಸುಗೂರು ಕಡಿ ಎಷ್ಟು ಮನಿಯಾಗ ಹಿರೇರಿಗೆ ಪಾಲಿಸಿ ಅದ ಹೇಳ್ರಿ, ತಿಂಗಳಾ ಬಿಪಿ ಶುಗರ್ ಗುಳಿಗಿಗೆ ಸಾವಿರಗಟ್ಲೆ ಹೋಗ್ತದ, ಆ ಬಿಲ್ಲೆಲ್ಲ ಒಲಿಗೆ ಹೋಗ್ತಾವ.

ಮತ್ತ ನಿಮ್ಮ ಸ್ವಂತ ಪಾಲಿಸಿಗೆ ಸೆಪ್ಟೆಂಬರ್ 22, 2025ರಿಂದ ಜಿಎಸ್‌ಟಿ ಇಲ್ಲ, ಮೊದಲ 18 ಪರ್ಸೆಂಟ್ ಇತ್ತು. ಮಾರ್ಚ್‌ನ್ಯಾಗ ರಿನೀವಲ್ ನೋಟಿಸ್ ಬಂದಾಗ ಅದ್ರಾಗ ಜಿಎಸ್‌ಟಿ ಸಾಲು ಸೊನ್ನೆ ಅದ ಇಲ್ಲೋ ನೋಡ್ರಿ. ಗ್ರೂಪ್ ಪಾಲಿಸಿಗೆ ಈ ಮಾಫಿ ಇಲ್ಲ.

ಸಿಂಧನೂರು ರೈತ:

ಇನ್ಶೂರೆನ್ಸ್ ಅಂದ್ರ ಬರೇ ಕಂಪನಿಯವ್ರದಷ್ಟ ಅಲ್ಲ. ಇಲ್ಲಿ ಓದೋರು ಹಳ್ಳಿಯವ್ರೂ ಅದಾರ, ಅವ್ರಿಗೆ ಹೇಳ್ತೀನಿ. ಸಹಕಾರಿ ಸೊಸೈಟಿ ಮೆಂಬರ್ ಇದ್ದವ್ರಿಗೆ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ಐತಿ, 2003ರಾಗ ಶುರುವಾಗಿದ್ದು, ನಡುವ ನಿಂತಿತ್ತು, 2022ರಾಗ ಮತ್ತ ಚಾಲೂ ಮಾಡಿದ್ರು. ಹಳ್ಳಿ ಕಡಿ ನಾಲ್ಕು ಮಂದಿ ತನ ಕುಟುಂಬಕ್ಕ ವರ್ಷಕ್ಕ 500 ರೂಪಾಯಿ, ಪ್ಯಾಟಿಯಾಗಾದ್ರ 1,000, ಕುಟುಂಬಕ್ಕ ಐದು ಲಕ್ಷದ ತನ. ಅದಕ್ಕ ನೋಂದಣಿ ಟೈಮ್ ಅಂತ ಇರ್ತೈತಿ, ಆ ಟೈಮಿನ್ಯಾಗ ಹೆಸರು ಹಚ್ಚಲಿಲ್ಲಂದ್ರ ಆ ವರ್ಷ ಹೋತು. ಭತ್ತ ಕೊಯ್ಲು, ಮಷಿನ್ ಬಾಡಿಗಿ, ರೇಟು ಅಂತ ತಲಿ ಬಿಸಿ ಮಾಡ್ಕೊಂಡಿರೋ ಟೈಮಿನ್ಯಾಗ ಸೊಸೈಟಿ ಕಡಿ ಯಾರೂ ಹಾಯಂಗಿಲ್ಲ. ಸೆಕ್ರೆಟ್ರಿಗೆ ಒಂದು ಫೋನ್ ಹಚ್ಚಿ ಕೊನಿ ತಾರೀಖು ಯಾವಾಗಂತ ಕೇಳ್ರಿ, ನಿಮಗ ಬರ್ತೈತೋ ಇಲ್ಲೋ ಅದನ್ನೂ ಕೇಳ್ರಿ.

ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ ಐದು ಲಕ್ಷ ಐತಿ. ಎಪಿಎಲ್‌ನವ್ರಿಗೆ ಸರ್ಕಾರ ಪ್ಯಾಕೇಜ್ ರೇಟಿನ 30 ಪರ್ಸೆಂಟ್ ಕೊಡ್ತೈತಿ, ವರ್ಷಕ್ಕ ಒಂದೂವರೆ ಲಕ್ಷದ ಮಿತಿ. ಆದ್ರ ಎಮರ್ಜೆನ್ಸಿ ಬಿಟ್ರ ನೇರ ಪ್ರೈವೇಟ್‌ಗೆ ಹೋಗೋ ಹಂಗಿಲ್ಲ, ಮೊದಲ ಸರ್ಕಾರಿ ದವಾಖಾನಿಗೆ ಹೋಗಿ ರೆಫರಲ್ ಚೀಟಿ ತರ್ಬೇಕು. ನಮ್ಮ ಓಣ್ಯಾಗ ಒಬ್ರು ಸೀದಾ ಹೈದರಾಬಾದ್‌ಗೆ ಹೋಗಿ ಅಡ್ಮಿಟ್ ಆಗಿ ಆಮ್ಯಾಲ ಕಾರ್ಡ್ ತೋರಿಸಿದ್ರು, ಅಲ್ಲಿ ನಡೀಲಿಲ್ಲ, ಎತ್ತು ಮಾರಿ ಬಿಲ್ ಕಟ್ಟಿದ್ರು.

ಮತ್ತ ಕಣ್ಣಿನ ಪೊರಿ ಆಪರೇಷನ್ ಸರ್ಕಾರಿ ದವಾಖಾನ್ಯಾಗ ಪುಕ್ಕಟ ಮಾಡ್ತಾರ, ನಮ್ಮ ಕಾಕಾಂದು ಅಲ್ಲೇ ಆತು, ಈಗ ಪೇಪರ್ ಓದ್ತಾನ.

ಹೊಸಕೋಟೆ ಓಣಿ, ಬಳ್ಳಾರಿ:

ಮೇಲೆ ಎಲ್ರೂ ಬರೆದಿದ್ದು ಓಕೆ, ಒಂದು ಮುಖ್ಯವಾದದ್ದು ಬಿಟ್ಟಿದ್ದೀರಿ. ಯಾವ ಪಾಲಿಸಿ ಮೊದಲು ಬಳಸೋದು ಅಂತ. ಗ್ರೂಪ್ ಪಾಲಿಸಿಯಾಗೆ ನೀವು ಕ್ಲೇಮ್ ಮಾಡಿದ್ರೂ ಬಿಟ್ರೂ ನಿಮಗೆ ಬೋನಸ್ ಇಲ್ಲ. ಸ್ವಂತ ಪಾಲಿಸಿಯಾಗೆ ಕ್ಲೇಮ್ ಇಲ್ಲದ ವರ್ಷಕ್ಕೆ ಬೋನಸ್ ಅಂತ ಮೊತ್ತ ಏರ್ತಾ ಹೋಗ್ತದೆ, ಸಣ್ಣಪುಟ್ಟ ಬಿಲ್ಲಿಗೆ ಅದನ್ನ ಮುಟ್ಟಿದ್ರೆ ಏರಿದ್ದು ಇಳೀಬಹುದು. ಅದಕ್ಕೆ ಮನೆಯವರಿಗೆ ಮುಂದೆ ಕಲ್ಲಿನ ಆಪರೇಷನ್ ಬೇಕೇ ಬೇಕು ಅಂದ್ರೂ ಮೊದಲು ಗ್ರೂಪ್, ಸಾಲದಿದ್ರೆ ಉಳಿದಿದ್ದಕ್ಕೆ ಸ್ವಂತದ್ದು. ಅಷ್ಟಕ್ಕೂ ಸ್ವಂತ ಪಾಲಿಸಿಯಾಗೆ ಪಿತ್ತಕೋಶದ ಕಲ್ಲು, ಹರ್ನಿಯಾ, ಪೊರೆ ಇಂಥವಕ್ಕೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು, ನಿಮ್ಮದು ಮಾರ್ಚ್‌ಗೆ ತುಂಬ್ತದೆ ಅಂದ್ರಿ, ಅಲ್ಲಿವರೆಗೆ ಅದು ಕೆಲಸಕ್ಕೆ ಬರಲ್ಲ. ಗ್ರೂಪ್‌ನಲ್ಲಿ ಈ ಕಾಯೋ ಅವಧಿ ಹೆಚ್ಚಿನ ಕಂಪನಿಗಳು ತೆಗೆಸಿರ್ತಾರೆ, ನಿಮ್ಮದರಲ್ಲಿ ಏನೈತೆ ಓದ್ಕಳ್ರಿ.

ಆ ಮಾರ್ಚ್ ರಿನೀವಲ್ ಮಾತ್ರ ತಪ್ಪಿಸಬೇಡ್ರಿ ಮಾರಾಯ. ತಾರೀಖು ದಾಟಿದ್ರೂ ಕಟ್ಟೋಕೆ 30 ದಿನ ಗ್ರೇಸ್ ಐತೆ ಅಂತ ಆರಾಮಾಗಿ ಕೂರ್ತಾರೆ, ವರ್ಷಕ್ಕೊಮ್ಮೆ ಕಟ್ಟೋರಿಗೆ ಆ ಗ್ರೇಸ್ ದಿನಗಳಲ್ಲಿ ಏನಾದ್ರೂ ಆದ್ರೆ ಕವರ್ ಇಲ್ಲ, ಅಲ್ಲಿತನ ಕಾದು ಮುಗಿಸಿದ ಅವಧಿ ಕಳ್ಕೊಳ್ಳಲ್ಲ ಅಷ್ಟೇ. ಬೇರೆ ಕಂಪನಿಗೆ ಪೋರ್ಟ್ ಮಾಡೋ ಯೋಚನೆ ಇದ್ರೆ ರಿನೀವಲ್‌ಗೆ 45 ದಿನ ಮುಂಚೆನೇ ಅರ್ಜಿ ಹಾಕಬೇಕು, ಅಂದ್ರೆ ಜನವರಿಯಲ್ಲೇ ಕೂತು ನೋಡಬೇಕು.

ರೂಮ್ ಬಾಡಿಗೆದು ಇನ್ನೊಂದು ಐತೆ. ಮೂರು ಲಕ್ಷದ ಪಾಲಿಸಿಗೆ ದಿನಕ್ಕೆ ಒಂದು ಪರ್ಸೆಂಟ್ ಅಂತ ಲಿಮಿಟ್ ಇದ್ರೆ 3,000. ಎಸಿ ಸಿಂಗಲ್ ರೂಮ್ ಬೇಕು ಅಂತ 5,000ದ್ದು ತಗೊಂಡ್ರೆ ಬರೀ 2,000 ಹೋಗಲ್ಲ, ಡಾಕ್ಟರ್ ಫೀಸು, ಓಟಿ ಚಾರ್ಜು, ನರ್ಸಿಂಗ್ ಇವೆಲ್ಲದರಲ್ಲೂ ನೂರಕ್ಕೆ ಅರವತ್ತೇ ಕೊಡ್ತಾರೆ. ಔಷಧಿ, ಟೆಸ್ಟು, ಒಳಗೆ ಹಾಕೋ ಇಂಪ್ಲಾಂಟ್ ಇವುಗಳ ಮೇಲೆ ಆ ಕಡಿತ ಹಾಕಂಗಿಲ್ಲ. ಬಳ್ಳಾರಿ ಬಿಸಿಲಿಗೆ ಎಸಿ ಬೇಕು ಅನ್ನಿಸೋದು ಸಹಜ, ಆದ್ರೆ ಅಡ್ಮಿಟ್ ಆಗೋ ಮುಂಚೆ ಯಾವ ರೂಮ್ ನನ್ನ ಲಿಮಿಟ್ ಒಳಗೆ ಬರ್ತದೆ ಅಂತ ಕೇಳಿ ಬರೆಸ್ರಿ.

ಕನಕಗಿರಿ ಹುಡುಗ:

ಎಲ್ಲಾರಿಗೂ ಬಾಳ ಥ್ಯಾಂಕ್ಸ್ ರಿ. ಎಚ್‌ಆರ್ ಹತ್ರ ಕೇಳಿದೆ, ಡೆಸ್ಕಿನ ಅಣ್ಣಾರು ಹೇಳಿದಂಗ ಐತಿ ಕಥಿ, ಜನವರಿಯಿಂದ ಅವ್ವ ಅಪ್ಪನ ಬಿಲ್ಲಿಗೆ 20 ಪರ್ಸೆಂಟ್ ಕೋ-ಪೇ ಅಂತ. ಮೇಲ್‌ನ್ಯಾಗ ಇದನ್ನ ಬರದ ಇದ್ದಿಲ್ಲ ನೋಡ್ರಿ, ಕೇಳಿದವ್ರಿಗಷ್ಟ ಹೇಳಾಕತ್ತಾರ. ಅದಕ್ಕ ಬಲಗಣ್ಣು ಈಗ್ಲೇ ಮಾಡಿಸೋದಂತ ಅವ್ವನ್ನ ಒಪ್ಪಿಸೀನಿ. ಹೆಸರು ಸುದ್ದಾ ಒಂದರಾಗ ವ್ವ, ಒಂದರಾಗ ಮ್ಮ ಇತ್ತು, ತಿದ್ದಾಕ ಕಳಿಸೀನಿ. ಕಲ್ಲಿಂದು ಸದ್ಯಕ್ಕ ಕೈ ಬಿಟ್ಟೀನಿ, ಸರ್ಜನ್ ಹತ್ರ ರಿಪೋರ್ಟ್ ಅಷ್ಟ ತೋರಿಸ್ತೀನಿ.

ಎರಡು ಡೌಟ್ ಅದಾವ. ಆಪರೇಷನ್ ಡಿಸೆಂಬರ್‌ನ್ಯಾಗ ಆಗಿ ಕಣ್ಣಿಗೆ ಹಾಕೋ ಡ್ರಾಪ್ಸ್ ಜನವರಿಯಾಗ ಕೊಂಡ್ರ ಅದು ಹಳೇ ಪಾಲಿಸಿಯಾಗ ಬರ್ತೈತೋ ಹೊಸದ್ರಾಗೋ? ಮತ್ತ ಓಪಿಡಿ ದುಡ್ಡಿನ್ಯಾಗ ನನ್ನ ಚಷ್ಮಾ ಮಾಡಿಸ್ಬಹುದಾ? ಅವ್ವ ಜಾತ್ರಿಗೆ ಹೋಗೋದು ಮಾತ್ರ ಬಿಡಂಗಿಲ್ಲ ಅಂತಾಳ, ಅದಕ್ಕೇನರ ತೊಂದ್ರಿ ಐತೇನು ನರ್ಸ್ ಅಕ್ಕಾರ?

ಡೆಸ್ಕಿನವನು, ಬಳ್ಳಾರಿ:

ಡಿಸ್ಚಾರ್ಜ್ ಆದಮೇಲಿನ ಔಷಧಿ, ಫಾಲೋಅಪ್ ಸಾಮಾನ್ಯವಾಗಿ 60 ದಿನದ ತನಕ ಅದೇ ಕ್ಲೇಮ್‌ಗೆ ಸೇರ್ತದೆ, ಪಾಲಿಸಿ ವರ್ಷ ಬದಲಾದ್ರೂ. ಕ್ಯಾಶ್‌ಲೆಸ್‌ನಲ್ಲಿ ಇದು ತಾನಾಗೇ ಬರಲ್ಲ, ಮೊದಲು ನೀವು ಕಟ್ಟಿ ಆಮೇಲೆ ವಾಪಸ್ ಕೇಳೋ ರಿಇಂಬರ್ಸ್‌ಮೆಂಟ್ ಬೇರೆಯಾಗಿ ಹಾಕಬೇಕು. ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ್ ಚೀಟಿ, ಬಿಲ್ಲು, ಮೂರೂ ಒಂದು ಫೈಲ್‌ಗೆ ಹಾಕಿಡ್ರಿ. ಲೆನ್ಸಿನ ಸ್ಟಿಕ್ಕರ್ ಅಂತ ಒಂದು ಕೊಡ್ತಾರೆ, ನಂಬರ್ ಇರೋದು, ಅದನ್ನೂ.

ಚಷ್ಮಾ ನಿಮ್ಮ ಓಪಿಡಿ ಲಿಸ್ಟ್‌ನಲ್ಲಿ ಐತಾ ನೋಡ್ರಿ, ಕೆಲವರದರಲ್ಲಿ ಇರ್ತದೆ, ಕೆಲವರದರಲ್ಲಿ ಡಾಕ್ಟರ್ ಫೀಸು ಔಷಧಿ ಅಷ್ಟೇ. ಇದ್ರೆ ಕಣ್ಣಿನ ಡಾಕ್ಟರ್ ಬರೆದ ನಂಬರ್ ಚೀಟಿ ಬೇಕು, ಅಂಗಡಿಯವನ ಕೈಬರಹದ ಚೀಟಿ ನಡೆಯಲ್ಲ, ಜಿಎಸ್‌ಟಿ ನಂಬರ್ ಇರೋ ಬಿಲ್ಲು, ನಿಮ್ಮ ಹೆಸರಲ್ಲಿ, 31ರೊಳಗಿನ ತಾರೀಖು. ಬಿಲ್ಲು ಅಪ್‌ಲೋಡ್ ಮಾಡೋಕೆ ಎಲ್ಲಿತನ ಟೈಮ್ ಕೊಟ್ಟಾರೆ ಅದನ್ನೂ ಕೇಳಿಟ್ಕಳ್ರಿ.

ಸ್ಟಾಫ್ ನರ್ಸ್ ಅಕ್ಕ, ಕೊಪ್ಪಳ:

ಜಾತ್ರಿ ಮುಂದ ಕೊಪ್ಪಳದಾಗ ಎಷ್ಟು ಧೂಳ ಏಳ್ತೈತಿ ನಿಮಗ ಗೊತ್ತೈತಿ. ಆಪರೇಷನ್ ಆದ ಮೊದಲ ವಾರಗಳು ಧೂಳು, ತಲಿಮ್ಯಾಲಿಂದ ನೀರು, ಕಣ್ಣು ತಿಕ್ಕೋದು, ಭಾರ ಎತ್ತೋದು ಬ್ಯಾಡ ಅಂತ ಹೇಳ್ತಾರ. ಆಪರೇಷನ್‌ಗೆ ಹೋಗೋ ದಿನಾನ ಡಾಕ್ಟ್ರಿಗೆ ಜಾತ್ರಿ ಇಂಥಾ ತಾರೀಖು ಐತಿ ಅಂತ ಹೇಳ್ರಿ, ಅವರು ಕಣ್ಣು ನೋಡಿ ಹೂಂ ಅಂದ್ರ ಕಪ್ಪು ಚಷ್ಮಾ ಹಾಕ್ಕೊಂಡು ಹೋಗಿ ದೂರದಿಂದ ತೇರು ನೋಡಿ ಬರ್ಲಿ. ಗದ್ದಲದಾಗ ಉತ್ತತ್ತಿ ಬಾಳೆಹಣ್ಣು ತೂರಿದ್ದು ಕಣ್ಣಿಗೆ ಬಡದೀತು, ಆ ಜಾಗಕ್ಕ ನಿಲ್ಲಬ್ಯಾಡಂತ ಹೇಳ್ರಿ. ದಾಸೋಹದ ಮಾದ್ಲಿ ಸಕ್ರಿಯವ್ರಿಗೆ ಎಷ್ಟು ಬೇಕೋ ಅಷ್ಟ.

ಮುನಿರಾಬಾದ್ ಗೆಳೆಯ:

ನನ್ನ ಕಂಪನಿ ಪಾಲಿಸಿ ಜುಲೈಗೆ ಮುಗೀತೈತಿ, ನಾನೂ ಈಗ ಓಡ್ಬೇಕೇನ್ರಿ?

ಡೆಸ್ಕಿನವನು, ಬಳ್ಳಾರಿ:

ನೀವು ಆರಾಮಿರ್ರಿ. ಮೇ ತಿಂಗಳಲ್ಲಿ ಎಚ್‌ಆರ್‌ಗೆ ಇದೇ ಪ್ರಶ್ನೆ ಕೇಳ್ರಿ, ಹೊಸ ಕಂಡೀಷನ್ ಏನು ಅಂತ. ಆದ್ರೆ ಈ ಡಿಸೆಂಬರ್‌ನಲ್ಲಿ ಕೆಲಸ ಬದಲಿಸೋ ಯೋಚನೆ ಇದ್ರೆ ಮಾತ್ರ ಲೆಕ್ಕ ಬೇರೆ, ಕೆಲಸ ಬಿಟ್ಟ ದಿನಕ್ಕೇ ಗ್ರೂಪ್ ಕವರ್ ಸಾಮಾನ್ಯವಾಗಿ ನಿಂತು ಹೋಗ್ತದೆ, ಜುಲೈ ತನಕ ಯಾರೂ ಇಟ್ಕಳಲ್ಲ. ಹೊಸ ಕಂಪನಿಯಲ್ಲಿ ಯಾವ ದಿನದಿಂದ ಕವರ್ ಶುರು ಅಂತ ಆಫರ್ ಲೆಟರ್ ಬಂದಾಗ್ಲೇ ಕೇಳ್ಬಿಡ್ರಿ.